ಅಕ್ಕಚ್ಚು

ಮೊದಲ ನೀರು ಹಾಲು. ಅದನ್ನು ಬೇಗ ಬಸಿದುಬಿಡಬೇಕು,
ತಡೆದರೆ ಅಕ್ಕಿ ತನ್ನ ಕೊಳೆಯನ್ನು ತಾನೇ ಕುಡಿಯುತ್ತದೆ.
ಶಾಲೆಯ ಅಡುಗೆಮನೆಗೆ ಬರುವ ಹೊಸ ಹುಡುಗಿಯರಿಗೆ
ನಾನು ಹೇಳಿಕೊಡುವ ಮೊದಲ ಪಾಠ.
ನಾಮೆರಿಕಾವಾದ ಮುನ್ನೂರು ಮಕ್ಕಳ ಅಕ್ಕಿ,
ಫೆಬ್ರವರಿಯ ನಲ್ಲಿ, ಮೊಣಕೈವರೆಗೆ ಕೆಂಪಾದ ಕೈ.
ಎರಡನೆಯ ನೀರು ಮಬ್ಬು. ಮೂರನೆಯದರಲ್ಲಿ ಕಾಳು ಕಾಣಬೇಕು.
ನಾಲ್ಕನೆಯದು ದುಂದು.

ಶುಹೇಯಿಯ ಎಡ ಶ್ವಾಸಕೋಶಕ್ಕೆ ಹದಿನೇಳು ನೀರು ಬೇಕಾಯಿತು.

ಡಾಕ್ಟರ್ ಮಿಯಾಗೋಶಿ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು
ಕಿಟಕಿಯ ಕಟ್ಟೆಯ ಮೇಲೆ, ತಾತೆಯಾಮಾದ ಹಿಮಕ್ಕೆ ಬೆನ್ನು ಮಾಡಿ.
ಬಲಗಡೆಯದು ಯಂತ್ರದ ಜತೆ ಉಸಿರಾಡುತ್ತಿರಲು
ಎಡಗಡೆಯದಕ್ಕೆ ಬೆಚ್ಚಗಿನ ಉಪ್ಪುನೀರು ತುಂಬಿ
ಎದೆಯನ್ನು ಬಡಿದು ಬಡಿದು ಇಳಿಸಿದರಂತೆ, ನಾಲ್ಕು ಗಂಟೆ.
ಬಡಿದವನು ಎಳೆಯ ಹುಡುಗ. ಕತ್ತು ಬೆವೆತಿತ್ತು.
ಸೊಂಟದವರೆಗೆ ಬಾಗಿ ನನ್ನ ಕ್ಷಮೆ ಕೇಳಿದ,
ನಿಮ್ಮವರಿಗೆ ಜೋರಾಗಿ ಹೊಡೆಯಬೇಕಾಯಿತು ಎಂದು.

ಮೊದಲ ಬಾಟಲಿ ನನ್ನ ಮೊದಲ ನೀರೇ.
ಅಡಿಯಲ್ಲಿ ಬೆರಳಗಲ ಗಸಿ.
ಒಂದೊಂದನ್ನೇ ನೋಡುತ್ತ ನಡೆದೆ, ಎಲ್ಲಿ ಕಾಳು ಕಾಣುತ್ತದೆ ಎಂದು.
ಹದಿನೇಳನೆಯದರ ಆಚೆ, ಡೊಂಕಾಗಿ,
ಬೆಟ್ಟದ ಗೆರೆ ಕಂಡಿತು.

ಅಪರೂಪ, ಎಂದರು ಡಾಕ್ಟರ್. ಬಹಳ ಅಪರೂಪ.
ವರ್ಷಗಳ ಮೇಲೆ ಬಾಗಿಲಿಗೆ ಬಂದ ನೆಂಟನಿಗೆ ಅನ್ನುವ ಹಾಗೆ.
ಕರೆದವರು ಯಾರು?

ಹನ್ನೊಂದು ವರ್ಷ ಬಿಲ್ಲೆ ಉಜ್ಜಿದ.
ಬೂದು ಬಿಲ್ಲೆ, ಅಂಗೈಯಗಲ, ಕಲ್ಲಿಗಿಂತ ಭಾರ.
ಅದರಿಂದ ಗಾಜಿನ ಮೇಲೆ ಕಣ್ಣಿಗೆ ಕಾಣದ ಪೊರೆ ಬಳಿಯುತ್ತಾರೆ,
ಆಮೇಲೆ ಗಾಜಿಗೆ ಬೆರಳು ತಿಳಿಯುತ್ತದೆ.
ಇಂಡಿಯಂ. ಉರಿಸಿದರೆ ನೀಲಿ ಬೆಳಕಂತೆ.
ಅವನು ಅದನ್ನು ನೋಡಿದ್ದು ಪುಡಿಯಾಗಿ ಮಾತ್ರ.
ಹುಬ್ಬಿನಲ್ಲಿ ಪುಡಿ, ಕಿವಿಯ ಮಡಿಕೆಯಲ್ಲಿ ಪುಡಿ,
ಒದ್ದೆ ಟವೆಲಿನಿಂದ ಒರೆಸುತ್ತ ನಾನು ನಗುತ್ತಿದ್ದೆ:
ಮುದುಕನಾದರೆ ನೀನು ಹೀಗಿರುತ್ತೀ ನೋಡು.

ಕಂಪನಿಯಿಂದ ಒಂದು ಕರ್ಬೂಜ ಬಂತು, ಮರದ ಪೆಟ್ಟಿಗೆಯಲ್ಲಿ.
ಪೆಟ್ಟಿಗೆ ಹಿಡಿದು ಬಂದವನು, ಮಾಸ್ಕ್ ಕೊಟ್ಟಿದ್ದೆವಲ್ಲ, ಎಂದ.
ಕೊಟ್ಟಿದ್ದರು. ವಸಂತದಲ್ಲಿ ಪರಾಗಕ್ಕೆ ಹೆದರಿ
ಊರೆಲ್ಲ ಹಾಕಿಕೊಳ್ಳುವ ಕಾಗದದ ಮಾಸ್ಕ್.
ಮಿಕ್ಕ ಮಾತಿಗೆ ಕಂಪನಿ ಉಸಿರೆತ್ತಲಿಲ್ಲ.
ಹಣ್ಣು ಸಿಹಿಯಾಗಿತ್ತು, ಸುಳ್ಳೇಕೆ ಹೇಳಲಿ.

ಸೆಂದಾಯ್‌ನಲ್ಲಿ ಡಾಕ್ಟರುಗಳ ಸಭೆ. ದೊಡ್ಡ ಪರದೆಯ ಮೇಲೆ
ಅವನ ಎದೆ ತೋರಿಸಿದರು. ಹೆಸರಿಲ್ಲ:
ಪುರುಷ, ನಲವತ್ತನಾಲ್ಕು.
ನನಗಿಂತ ಮೊದಲು ನನ್ನ ಎದೆ ಸೆಂದಾಯ್ ನೋಡಿತು,
ಅಂದ ಶುಹೇಯಿ, ಎರಡು ಕಡೆ ನಿಂತು, ಉಸಿರು ತಂದುಕೊಂಡು.

ಹಾಲು ತೊಳೆಯಬಹುದು. ಲೋಹ ರಕ್ತದಲ್ಲಿದೆ,
ಅದು ವರ್ಷಗಳ ಲೆಕ್ಕದಲ್ಲಿ ಇಳಿಯುತ್ತದೆ,
ಇಳಿದರೆ.
ಬಲಗಡೆಯದಕ್ಕೆ ಮೇ ಹತ್ತೊಂಬತ್ತು ಎಂದಿದ್ದಾರೆ.

ಏಪ್ರಿಲಿನ ಒಂದು ರಾತ್ರಿ ಕಡಲಿಗೆ ಹೋದೆವು.
ಮಿಣುಕು ಕಣವೆಗಳು ದಂಡೆಗೆ ಬಂದು ಸಾಯುವ ಕಾಲ,
ಅಲೆ ಮಗುಚಿದಲ್ಲೆಲ್ಲ ನೀಲಿ.
ಬರೀ ಎಂಟು ಮೆಟ್ಟಿಲು. ನಾಲ್ಕರಲ್ಲಿ ಕೂತ, ನಾನೂ ಕೂತೆ.
ಕೆಳಗೆ ನೂರು ಜನ, ನೂರು ಗಾಜು ಮೇಲೆತ್ತಿ
ನೀರಿನ ನೀಲಿಯನ್ನು ಹಿಡಿಯುತ್ತಿದ್ದರು.

ಒಂದು ಹುಡುಗಿ ಓಡಿ ಬಂದಳು, ಕಾಲಿಗೆಲ್ಲ ಮರಳು.
ನಮ್ಮದೊಂದು ಫೋಟೋ ತೆಗೆಯುತ್ತೀರಾ, ಅಂಕಲ್?
ಶುಹೇಯಿ ಫೋನು ಇಸಿದುಕೊಂಡ. ಹಿಂದು ಮುಂದು ತಿರುಗಿಸಿ ನೋಡಿದ,
ಕೆಲಸಗಾರ ಕೆಲಸ ನೋಡುವ ಹಾಗೆ.
ಡೋಲಿನ ಕೋಲಿನಂತೆ ತುದಿ ಊದಿದ ಬೆರಳಿಟ್ಟ.
ಗಾಜಿಗೆ ತಿಳಿಯಿತು.

ಕೈ ಅಲುಗದಿರಲೆಂದು
ಉಸಿರು ಹಿಡಿದ.

ನಾನು ಎಣಿಸತೊಡಗಿದೆ.